ಕೃಪೆ ಪುಕ್ಕಟೆ, ಆದರೆ ಅಗ್ಗವಲ್ಲ

ಭಾನುವಾರ ಬೆಳಿಗ್ಗೆ ಮಂಗಳೂರಿನ ಹಂಪನಕಟ್ಟೆಯಲ್ಲಿ ಬಸ್ಸಿಳಿಯುವವರಿಗೆ ಈ ಸಂಗತಿ ಗೊತ್ತೇ ಉಂಟು. ಮಿಲಾಗ್ರಿಸ್ ಇಗರ್ಜಿಯಲ್ಲಿ ಪೂಜೆ ಬಿಡುವ ಹೊತ್ತಿಗೆ ರಸ್ತೆ ತುಂಬ ಜನ. ಅತ್ತ ಬಲ್ಮಠದ ಕಡೆ ನಡೆದರೆ ಶಾಂತಿ ಕೆಥೆಡ್ರಲ್‌ಗೆ ಹೋಗಿಬರುವವರು. ಸೆಪ್ಟೆಂಬರ್ 8ರ ತೆನೆ ಹಬ್ಬ, ಬೂದಿ ಬುಧವಾರ, ಶುಭ ಶುಕ್ರವಾರ ಬಂದರಂತೂ ಕೇಳುವುದೇ ಬೇಡ. ಇಗರ್ಜಿಯ ಒಳಗೆ ಜಾಗ ಸಿಗದವರು ಹೊರಗೆ ಬಿಸಿಲಲ್ಲೇ ನಿಂತು ಪ್ರಾರ್ಥನೆ ಮುಗಿಸಿ ಹೋಗ್ತಾರೆ. ಭಕ್ತಿಗೆ ಈ ಊರಲ್ಲಿ ಬರ ಬಂದಿಲ್ಲ ಮಾರಾಯರೇ!

ಬಸ್ಸಿನಲ್ಲಿ, ಅಂಗಡಿ ಕಟ್ಟೆಯಲ್ಲಿ ಜನ ಆಡಿಕೊಳ್ಳುವ ಮಾತು ಬೇರೆ. ‘ಭಾನುವಾರ ಎದೆ ಮೇಲೆ ಶಿಲುಬೆ, ಸೋಮವಾರ ತಕ್ಕಡಿ ಮೇಲೆ ಕೈ’ ಅಂತಾರೆ. ‘ಇವರಿಗೆ ಒಳ್ಳೇದಪ್ಪ, ಪಾದ್ರಿಗಳ ಹತ್ತಿರ ಹೋಗಿ ಒಪ್ಪಿಕೊಂಡರೆ ಎಲ್ಲ ಚುಕ್ತಾ’ ಅಂತ ನಗ್ತಾರೆ. ಈ ಮಾತು ಕ್ರೈಸ್ತರಿಗೆ ಮಾತ್ರ ಅಂಟಿದ್ದಲ್ಲ. ದೇವಸ್ಥಾನಕ್ಕೆ ಹೋಗುವವರಿಗೂ ಮಸೀದಿಗೆ ಹೋಗುವವರಿಗೂ ಇದೇ ಮಾತು ಬರುತ್ತೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನೋ ಗಾದೆ ಒಂದು ಜಾತಿಗೆ ಹುಟ್ಟಿದ್ದಲ್ಲವಲ್ಲ!

ಆದರೂ ಪ್ರಶ್ನೆ ಪ್ರಶ್ನೆಯೇ. ದೇವರು ಕ್ಷಮಿಸುತ್ತಾನೆ ಅನ್ನುವುದಾದರೆ ಸರಿಯಾಗಿ ನಡೆಯೋ ಗರಜು ಏನು? ಸರಿಯಾಗಿ ನಡೆದರೆ ಮಾತ್ರ ದೇವರು ಒಲಿಯುತ್ತಾನೆ ಅನ್ನುವುದಾದರೆ ಅದಕ್ಕೆ ಕೃಪೆ ಅಂತ ಯಾಕೆ ಕರೀಬೇಕು? ಕೂಲಿ ಅಂದರೆ ಸಾಕಲ್ಲ! ಕ್ರೈಸ್ತ ಜಗತ್ತು ಈ ಒಂದು ಪ್ರಶ್ನೆಗಾಗಿ 500 ವರ್ಷ ಜಗಳ ಆಡಿದೆ. ಇದಕ್ಕೆ ಉತ್ತರ ಕೊಟ್ಟವರ ಪೈಕಿ ಇಬ್ಬರ ಗುರುತು ನಮ್ಮ ಊರಲ್ಲೇ ಉಂಟು. ಇನ್ನೊಬ್ಬಾಕೆ ಒಡಿಶಾದ ಕಾಡಂಚಿನ ಊರಲ್ಲಿ 1999ರಲ್ಲಿ ಉತ್ತರ ಕೊಟ್ಟರು. ವಿಷಯ ಒಂದೊಂದಾಗಿ ನೋಡೋಣ.

ಮೂರು ಮಾತು

ಕೃಪೆ, ವಿಧೇಯತೆ, ಭಕ್ತಿ. ಕೃಪೆ ಅಂದರೆ ಯೋಗ್ಯತೆ ನೋಡದೆ ಸಿಗುವ ದಯೆ. ಕೊಂಕಣಿಯಲ್ಲಿ ಇದನ್ನೇ ‘ಕುರ್ಪಾ’ ಅಂತಾರೆ. ಕನ್ನಡ ಕೆಥೊಲಿಕರ ಜಪದಲ್ಲಿ ‘ವರಪ್ರಸಾದ’ ಅನ್ನುವ ಪದ ಬರುತ್ತೆ. ವಿಧೇಯತೆ ಅಂದರೆ ಹೇಳಿದ್ದನ್ನು ಕೇಳಿ ನಡೆಯುವುದು. ಭಕ್ತಿ ನಮಗೆಲ್ಲ ಗೊತ್ತು. ಅದು ನಿಜವೋ ತೋರಿಕೆಯೋ ಅನ್ನೋದನ್ನು ಮಾತ್ರ ಪಕ್ಕದ ಮನೆಯವರ ಹತ್ತಿರ ಕೇಳಬೇಕು!

ಜನಕ್ಕೆ ತಲೆಗೆ ಹತ್ತದಿರುವುದು ಈ ಮೂರರ ಕ್ರಮ. ಯಾವುದು ಮೊದಲು? ನಾನು ಸರಿಯಾದರೆ ದೇವರು ಬರುತ್ತಾನೋ, ದೇವರು ಬಂದದ್ದಕ್ಕೆ ನಾನು ಸರಿಯಾಗುತ್ತೇನೋ?

ಜಕ್ಕಾಯನ ಲೆಕ್ಕ

ಲೂಕನ ಸುವಾರ್ತೆಯಲ್ಲಿ ಜಕ್ಕಾಯ ಅಂತ ಒಬ್ಬನ ಕಥೆ ಉಂಟು. ಯೆರಿಕೋ ಪಟ್ಟಣದ ಸುಂಕ ವಸೂಲಿಯ ಮುಖ್ಯಸ್ಥ. ರೋಮನ್ ಸರಕಾರದ ಕೆಲಸ, ಕೈತುಂಬ ದುಡ್ಡು. ಊರವರ ಕಣ್ಣಿಗೆ ಮಾತ್ರ ಶುದ್ಧ ಲೂಟಿಕೋರ. ಆಳು ಗಿಡ್ಡ. ಯೇಸು ಊರಿಗೆ ಬಂದಾಗ ಜನರ ನಡುವೆ ಏನೂ ಕಾಣದೆ ಮರ ಹತ್ತಿ ಕೂತ.

ಯೇಸು ಮರದ ಕೆಳಗೆ ಬಂದು ನಿಂತು, ಇಳಿದು ಬಾ, ಇವತ್ತು ನಿನ್ನ ಮನೆಗೇ ಬರ್ತೇನೆ ಅಂದ. ‘ಮೊದಲು ಲೂಟಿ ಹಣ ವಾಪಸು ಕೊಡು, ಆಮೇಲೆ ನೋಡೋಣ’ ಅನ್ನಲಿಲ್ಲ. ಜನ ಗೊಣಗಿದರು. ಇಂಥವನ ಮನೆಗೆ ಊಟಕ್ಕಾ ಅಂತ.

ಆಮೇಲೆ ಆದದ್ದನ್ನು ಅಂಗಡಿಯವರು ಗಮನಿಸಬೇಕು. ಜಕ್ಕಾಯ ಎದ್ದು ನಿಂತು ಲೆಕ್ಕ ಹೇಳಿದ. ಆಸ್ತಿಯಲ್ಲಿ ಅರ್ಧ ಬಡವರಿಗೆ. ಯಾರಿಂದಲಾದರೂ ಅನ್ಯಾಯವಾಗಿ ಕಿತ್ತುಕೊಂಡಿದ್ದರೆ ನಾಲ್ಕರಷ್ಟು ವಾಪಸು. ಯಾರೂ ಕೇಳಿರಲಿಲ್ಲ, ನೋಟೀಸು ಕೊಟ್ಟಿರಲಿಲ್ಲ. ಮನೆಗೆ ಬಂದವನ ದಯೆ ಒಂದೇ ಅವನ ಗಲ್ಲಾಪೆಟ್ಟಿಗೆ ತೆರೆಸಿತು.

ಕ್ರಮ ಅಲ್ಲೇ ಉಂಟು. ಕೃಪೆ ಮೊದಲು ಬಂತು, ವಿಧೇಯತೆ ಅದರ ಹಿಂದೆ ಬಂತು. ಹಣ ಕೊಟ್ಟು ಕೃಪೆ ಕೊಂಡದ್ದಲ್ಲ. ಕೃಪೆ ಬಂದ ಮನೆಯಲ್ಲಿ ಲೂಟಿ ಹಣ ಇಟ್ಟುಕೊಳ್ಳಲಿಕ್ಕೆ ಮನಸ್ಸು ಬರಲಿಲ್ಲ, ಅಷ್ಟೆ.

ಎರಡು ಲಕ್ಷ ವರ್ಷದ ಸಾಲ

ಮತ್ತಾಯನ ಸುವಾರ್ತೆಯಲ್ಲಿ ಇನ್ನೊಂದು ಕಥೆ, ಇದು ಉಲ್ಟಾ. ಒಬ್ಬ ಆಳು ರಾಜನಿಗೆ 10,000 ತಲಾಂತು ಬಾಕಿ. ಒಂದು ತಲಾಂತು ಅಂದರೆ ಸುಮಾರು 6,000 ದಿನಾರಿ. ಒಂದು ದಿನಾರಿ ಅಂದರೆ ಆ ಕಾಲದ ಒಂದು ದಿನದ ಕೂಲಿ. ಗುಣಿಸಿ ನೋಡಿ, 6 ಕೋಟಿ ದಿನದ ಕೂಲಿ ಆಯಿತು. ವರ್ಷಕ್ಕೆ 300 ದಿನ ದುಡಿದರೂ ತೀರಿಸಲಿಕ್ಕೆ 2 ಲಕ್ಷ ವರ್ಷ ಬೇಕು! ಅಂದರೆ ತೀರದ ಸಾಲ. ಆಳು ಕಾಲಿಗೆ ಬಿದ್ದ. ರಾಜ ಉದ್ರಿ ಪುಸ್ತಕವನ್ನೇ ಹರಿದು ಹಾಕಿದ ಹಾಗೆ ಪೂರಾ ಮನ್ನಾ ಮಾಡಿದ.

ಆಳು ಹೊರಗೆ ಬಂದವನೇ ಜೊತೆ ಕೆಲಸದವನ ಕುತ್ತಿಗೆ ಹಿಡಿದ. ಅವನಿಂದ ಬರಬೇಕಾದದ್ದು 100 ದಿನಾರಿ, ಮೂರು ನಾಲ್ಕು ತಿಂಗಳ ಕೂಲಿ. ಸ್ವಲ್ಪ ತಾಳು ಅಂದರೂ ಕೇಳದೆ ಜೈಲಿಗೆ ಹಾಕಿಸಿದ. ಸುದ್ದಿ ರಾಜನ ಕಿವಿಗೆ ಬಿತ್ತು. ಮನ್ನಾ ಮಾಡಿದ್ದೂ ರದ್ದಾಯಿತು, ಆಳೂ ಜೈಲು ಸೇರಿದ.

ಉದ್ರಿ ಕೊಟ್ಟು ಕಷ್ಟ ಗೊತ್ತಿರುವ ವ್ಯಾಪಾರಿಗಳಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಾಗಿಲ್ಲ. 100 ದಿನಾರಿ ಸಣ್ಣ ಮೊತ್ತ ಅಲ್ಲ, ನಿಜ. ಬಡವನಿಗೆ ಮೂರು ತಿಂಗಳ ಗಂಜಿ. ಯೇಸು ಅದನ್ನು ಸಣ್ಣದು ಅನ್ನಲಿಲ್ಲ. ತನಗೆ ಬಿಟ್ಟುಕೊಟ್ಟದ್ದರ ಎದುರಿಗೆ ಇಟ್ಟು ನೋಡು ಅಂದ, ಅಷ್ಟೆ.

482 ವರ್ಷದ ಜಗಳ

ಈಗ ಚರಿತ್ರೆಗೆ ಬರೋಣ. 1517ರ ಅಕ್ಟೋಬರ್ 31. ಜರ್ಮನಿಯ ವಿಟೆನ್‌ಬರ್ಗ್‌ನಲ್ಲಿ ಮಾರ್ಟಿನ್ ಲೂಥರ್ ಅನ್ನುವ ಸನ್ಯಾಸಿ 95 ಆಕ್ಷೇಪಗಳನ್ನು ಮುಂದಿಟ್ಟರು. ಪಾಪದ ಶಿಕ್ಷೆ ಕಡಿಮೆಯಾಗುತ್ತೆ ಅಂತ ಹೇಳಿ ದುಡ್ಡು ತೆಗೆದುಕೊಂಡು ಚೀಟಿ ಕೊಡುವ ದಂಧೆ ಆಗ ನಡೀತಿತ್ತು. ಕೃಪೆಯನ್ನು ಮಾರಬೇಡಿ ಅನ್ನುವುದು ಲೂಥರರ ತಕರಾರು. ಅಲ್ಲಿಂದ ಶುರುವಾದದ್ದು ಇಡೀ ಯೂರೋಪನ್ನು ಒಡೆಯಿತು. ಯುದ್ಧಗಳೇ ಆದವು.

ಒಂದು ಕಡೆಯವರು, ‘ನೀವು ಪುಣ್ಯ ಮಾಡಿ ಸ್ವರ್ಗ ಖರೀದಿಗೆ ಹೊರಟವರು’ ಅಂದರು. ಇನ್ನೊಂದು ಕಡೆಯವರು, ‘ನಂಬಿದರೆ ಸಾಕು ಅಂತ ಹೇಳಿ ಮನಸ್ಸಿಗೆ ಬಂದ ಹಾಗೆ ಬದುಕುವವರು ನೀವು’ ಅಂದರು. ಆ ಒಡಕು ಹಡಗು ಹತ್ತಿ ನಮ್ಮ ಕರಾವಳಿಗೂ ಬಂತು. 1834ರ ಅಕ್ಟೋಬರಿನಲ್ಲಿ ಬಾಸೆಲ್ ಮಿಶನ್ನಿನ ಮೂವರು ಪಾದ್ರಿಗಳು ಮಂಗಳೂರಿಗೆ ಬಂದರು. 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಿದ್ದದ್ದು ಈ ಮಿಶನ್ನಿನ ಮೋಗ್ಲಿಂಗ್ ಅವರಿಂದ. ಆ ಲೆಕ್ಕದಲ್ಲಿ ನಮ್ಮಂಥ ಪತ್ರಿಕೆಯವರೆಲ್ಲ ಅವರ ಮೊಮ್ಮಕ್ಕಳೇ. 1878ರ ಕೊನೆಯ ದಿನ ಕೆಥೊಲಿಕರ ಪೈಕಿ ಜೆಸುವಿಟ್ ಪಾದ್ರಿಗಳ ತಂಡ ಬಂದಿಳಿಯಿತು. ಒಂದೇ ಊರು, ಒಂದೇ ಯೇಸು, ಎರಡು ದಾರಿ.

ಆ ಹಳೇ ವ್ಯಾಜ್ಯದ ರಾಜಿ ಪತ್ರಕ್ಕೆ ಸಹಿ ಬಿದ್ದದ್ದು 1999ರಲ್ಲಿ. ಜರ್ಮನಿಯ ಆಗ್ಸ್‌ಬರ್ಗ್ ಪಟ್ಟಣದಲ್ಲಿ, ಅದೇ ಅಕ್ಟೋಬರ್ 31ರಂದು, ಸರಿಯಾಗಿ 482 ವರ್ಷದ ನಂತರ ಕೆಥೊಲಿಕ್ ಸಭೆಯೂ ಜಾಗತಿಕ ಲೂಥರನ್ ಒಕ್ಕೂಟವೂ ಸಹಿ ಮಾಡಿದವು. 2006ರಲ್ಲಿ ಮೆಥಡಿಸ್ಟರು ಸೇರಿಕೊಂಡರು. 2017ರಲ್ಲಿ ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟವೂ ಸೇರಿತು.

ಆ ಪತ್ರದ ಸಾರ ನಮ್ಮ ಮಾತಲ್ಲಿ ಹೇಳುವುದಾದರೆ ಇಷ್ಟು. ದೇವರು ಮನುಷ್ಯನನ್ನು ಸ್ವೀಕರಿಸುವುದು ಬರೀ ಕೃಪೆಯಿಂದ, ಇವನ ಯೋಗ್ಯತೆಯಿಂದ ಅಲ್ಲ. ಅದೇ ಕೃಪೆ ಇವನ ಮನಸ್ಸನ್ನು ಹೊಸದು ಮಾಡಿ ಒಳ್ಳೇ ಕೆಲಸಕ್ಕೆ ಹಚ್ಚುತ್ತದೆ. ಅಂದರೆ ಒಳ್ಳೇ ಕೆಲಸ ಬೇರಲ್ಲ, ಹಣ್ಣು. ಹಣ್ಣು ಬಿಟ್ಟದ್ದಕ್ಕೆ ಮರ ಹುಟ್ಟುವುದಿಲ್ಲ, ಆದರೆ ಹಣ್ಣೇ ಬಿಡದ ಮರವನ್ನು ತೋಟದವನು ಎಷ್ಟು ದಿನ ನೋಡಿಯಾನು?

ಇಷ್ಟು ಹೇಳಲಿಕ್ಕೆ 482 ವರ್ಷ ಬೇಕಾಯಿತೇ ಅಂತ ನೀವು ಕೇಳಬಹುದು. ಜಾಗದ ಗಡಿಯ ವ್ಯಾಜ್ಯವನ್ನು ಮೂರು ತಲೆಮಾರು ಕೋರ್ಟಿನಲ್ಲಿ ಎಳೆಯುವ ನಾವು ಹಾಗೆ ಕೇಳುವ ಹಾಗಿಲ್ಲ!

ಅಗ್ಗದ ಮಾಲು

ಕೃಪೆ ಪುಕ್ಕಟೆ ಅಂದ ಕೂಡಲೇ ಅದನ್ನು ಅಗ್ಗದ ಮಾಲು ಅಂದುಕೊಳ್ಳುವವರು ಎಲ್ಲ ಕಾಲದಲ್ಲೂ ಇದ್ದಾರೆ. ಇದಕ್ಕೆ ‘ಅಗ್ಗದ ಕೃಪೆ’ ಅಂತ ಹೆಸರಿಟ್ಟವರು ಜರ್ಮನಿಯ ಲೂಥರನ್ ಪಾದ್ರಿ ಡೀಟ್ರಿಶ್ ಬೋನ್‌ಹೋಫರ್. 1937ರಲ್ಲಿ ಯೇಸುವಿನ ಹಿಂದೆ ನಡೆಯುವ ಬಗ್ಗೆ ಅವರ ಪುಸ್ತಕ ಬಂತು. ಪಶ್ಚಾತ್ತಾಪ ಇಲ್ಲದ ಕ್ಷಮೆ, ಹೆಗಲ ಮೇಲೆ ಶಿಲುಬೆ ಇಲ್ಲದ ಭಕ್ತಿ, ಇದೆಲ್ಲ ಅಗ್ಗದ್ದು ಅನ್ನೋದು ಅವರ ವಾದ. ಕೃಪೆ ನಮಗೆ ಪುಕ್ಕಟೆ ಸಿಕ್ಕಿದ್ದು ನಿಜ, ಆದರೆ ಕೊಟ್ಟವನಿಗೆ ಅದು ಮಗನ ಪ್ರಾಣದಷ್ಟು ದುಬಾರಿ ಬಿದ್ದಿದೆ ಅಂತ ಅವರು ನೆನಪಿಸಿದರು.

ಪುಸ್ತಕ ಬರೆದು ಕೂತವರಲ್ಲ. ಹಿಟ್ಲರನ ಆಡಳಿತದಲ್ಲಿ ಬಹಳಷ್ಟು ಇಗರ್ಜಿಗಳು ಸರಕಾರಕ್ಕೆ ಜೈ ಅಂದಾಗ ಇವರು ಅನ್ನಲಿಲ್ಲ. 1939ರ ಜೂನ್‌ನಲ್ಲಿ ಅಮೆರಿಕಕ್ಕೆ ಹೋದರು. ಅಲ್ಲೇ ಉಳಿದಿದ್ದರೆ ಜೀವ ಉಳೀತಿತ್ತು. ಒಂದು ತಿಂಗಳು ತುಂಬುವುದರೊಳಗೆ ವಾಪಸು ಹೊರಟರು. ತನ್ನ ಜನ ಕಷ್ಟದಲ್ಲಿರುವಾಗ ದೂರ ಕೂತವನಿಗೆ, ಆಮೇಲೆ ಬಂದು ಅವರ ನಡುವೆ ನಿಲ್ಲುವ ಹಕ್ಕು ಇರೋದಿಲ್ಲ ಅನ್ನೋದು ಅವರ ಮನಸ್ಸು. 1943ರಲ್ಲಿ ಸೆರೆ. 1945ರ ಏಪ್ರಿಲ್ 9ರಂದು ಗಲ್ಲು. ಯೂರೋಪಿನ ಯುದ್ಧ ಮುಗಿಯಲು ಬರೀ ಒಂದು ತಿಂಗಳಿತ್ತು. ವಯಸ್ಸು 39.

ಬಣ್ಣದ ಬ್ರದರ್, ಮದ್ದಿನ ಫಾದರ್

ಜರ್ಮನಿಯ ಮಾತು ದೂರ ಆಯಿತು ಅನ್ನುವವರು ಲೈಟ್‌ಹೌಸ್ ಹಿಲ್ ಹತ್ತಿ ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ ಒಳಗೆ ತಲೆ ಎತ್ತಿ ನೋಡಿ. ಗೋಡೆ, ಛಾವಣಿ ಎಲ್ಲ ಕಡೆ ಚಿತ್ರ. ಬರೆದವರು ಬ್ರದರ್ ಆಂಟೋನಿಯೋ ಮೊಸ್ಕೆನಿ. 1854ರಲ್ಲಿ ಇಟಲಿಯ ಬೆರ್ಗಾಮೋ ಹತ್ತಿರದ ಸ್ಟೆಜ್ಜಾನೋದಲ್ಲಿ ಹುಟ್ಟಿದವರು, ಚಿತ್ರಕಲೆ ಕಲಿತವರು. 1889ರಲ್ಲಿ ಜೆಸುವಿಟ್ ಸಂಘಕ್ಕೆ ಸೇರಿದರು. ಅಲ್ಲಿ ಸೇರುವವರಿಗೆ ಮೂರು ಪ್ರತಿಜ್ಞೆ. ಬಡತನ, ಬ್ರಹ್ಮಚರ್ಯ, ವಿಧೇಯತೆ. ಎಲ್ಲಿಗೆ ಹೋಗು ಅಂದರೆ ಅಲ್ಲಿಗೆ ಹೋಗಬೇಕು. 1899ರಲ್ಲಿ ಮಂಗಳೂರಿಗೆ ಹೋಗು ಅಂದರು, ಬಂದರು.

ಗೋಡೆಯ ಚಿತ್ರವನ್ನು ಹಸಿ ಗಾರೆ ಮೇಲೆ ಬರೀಬೇಕು. ಗಾರೆ ಒಣಗುವ ಮೊದಲು ಬಣ್ಣ ಕೂರಬೇಕು, ತಪ್ಪಿದರೆ ಕೆರೆದು ಮತ್ತೆ ಶುರು. ನಮ್ಮ ಮಳೆಗಾಲ, ನಮ್ಮ ಸೆಕೆ ನಿಮಗೆ ಗೊತ್ತಲ್ಲ! ಸುಮಾರು ಎರಡೂವರೆ ವರ್ಷ ದುಡಿದರು. ಸಂಬಳ ಇಲ್ಲ, ಸ್ವಂತಕ್ಕೆ ಅಂತ ಒಂದು ಕಾಸೂ ಇಲ್ಲ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು. ಊರಿಗೆ ವಾಪಸು ಹೋಗಲೇ ಇಲ್ಲ.

ಅವರು ಛಾವಣಿಯಲ್ಲಿ ಬರೆದದ್ದು ಸಂತ ಅಲೋಶಿಯಸ್ ಅವರ ಜೀವನ. ಅರಸು ಮನೆತನದ ಹಿರೀ ಮಗ. ಆಸ್ತಿ ಅಧಿಕಾರ ತಮ್ಮನಿಗೆ ಬಿಟ್ಟುಕೊಟ್ಟು ಸನ್ಯಾಸಿಯಾದವರು. ರೋಮ್‌ನಲ್ಲಿ ಪ್ಲೇಗ್ ಬಂದಾಗ ರೋಗಿಗಳ ಸೇವೆಗೆ ಹೋಗಿ ಅದೇ ರೋಗ ತಗಲಿ 1591ರಲ್ಲಿ ಸತ್ತರು. ಆಗ ವಯಸ್ಸು 23. ಈ ಕಾಲೇಜಿನಲ್ಲಿ ಓದುವ ಹುಡುಗರ ವಯಸ್ಸೇ ಹೆಚ್ಚು ಕಡಿಮೆ.

ಇನ್ನು ಕಂಕನಾಡಿಗೆ ಬನ್ನಿ. ‘ಫಾದರ್ ಮುಲ್ಲರ್’ ಅಂದರೆ ಬಸ್ಸಿನ ಕಂಡಕ್ಟರಿಗೆ ಅದೊಂದು ಸ್ಟಾಪು. ದಿನಾ ಸಾವಿರಾರು ಜನ ಅಲ್ಲಿ ಇಳೀತಾರೆ. ಮುಲ್ಲರ್ ಯಾರು ಅಂತ ಕೇಳುವವರು ಕಡಿಮೆ. ಫಾದರ್ ಅಗಸ್ಟಸ್ ಮುಲ್ಲರ್ ಜರ್ಮನಿಯವರು. 1878ರ ಡಿಸೆಂಬರ್ 31ಕ್ಕೆ ಬಂದಿಳಿದ ಆ ಜೆಸುವಿಟ್ ತಂಡದಲ್ಲಿ ಒಬ್ಬರು. ಹೋಮಿಯೋಪತಿ ತಿಳಿದಿದ್ದವರು. 1880ರಲ್ಲಿ ಕಂಕನಾಡಿಯ ಆಲದ ಮರದ ಕೆಳಗೆ ಕೂತು ಬಡವರಿಗೆ ಮದ್ದು ಕೊಡಲಿಕ್ಕೆ ಶುರು ಮಾಡಿದರು.

1890ರಲ್ಲಿ ಕುಷ್ಠ ರೋಗಿಗಳಿಗೆ ಮನೆ ತೆರೆದರು. ಇದು ಸಣ್ಣ ಮಾತಲ್ಲ ಸ್ವಾಮಿ. ಆಗ ಆ ರೋಗಕ್ಕೆ ಮದ್ದೇ ಇರಲಿಲ್ಲ. ರೋಗಾಣು ಪತ್ತೆಯಾದದ್ದು 1873ರಲ್ಲಿ, ಕೆಲಸ ಮಾಡುವ ಮದ್ದು ಬಂದದ್ದು 1940ರ ದಶಕದಲ್ಲಿ. ಈಗ ಆರು ಇಲ್ಲವೇ ಹನ್ನೆರಡು ತಿಂಗಳು ಮಾತ್ರೆ ತಿಂದರೆ ಪೂರಾ ವಾಸಿ, ಸರಕಾರಿ ಆಸ್ಪತ್ರೆಯಲ್ಲಿ ಅದು ಪುಕ್ಕಟೆ. ಆಗ ರೋಗಿಯನ್ನು ಹೆತ್ತವರೇ ಮನೆಯಿಂದ ಹೊರಗೆ ಹಾಕ್ತಿದ್ದರು. ವಾಸಿ ಮಾಡಲಿಕ್ಕೆ ಆಗದವರನ್ನು ಕರೆದು ಮನೆ ಕೊಡುವುದು ಯಾವ ವ್ಯಾಪಾರದ ಲೆಕ್ಕಕ್ಕೂ ಸಿಗದು. ಹೆಸರು ಬರುವುದಿಲ್ಲ, ಗುಣವಾದವರ ಪಟ್ಟಿ ಇಲ್ಲ. ಯೋಗ್ಯತೆ ನೋಡದೆ, ವಾಪಸು ಏನೂ ಬಾರದೆ ಕೊಡುವುದಕ್ಕೇ ಕೃಪೆ ಅಂತ ಹೆಸರು. ಫಾದರ್ 1910ರ ನವೆಂಬರ್ 1ರಂದು ತೀರಿಹೋದರು. ಆಲದ ಮರದ ಕೆಳಗಿನ ಕೆಲಸ ಆಸ್ಪತ್ರೆಯಾಯಿತು, ಕಾಲೇಜಾಯಿತು.

ಬಾರಿಪದದ ಮನೆ

ಕುಷ್ಠ ರೋಗಿಗಳ ಮನೆ ಅಂದ ಮೇಲೆ ಒಡಿಶಾದ ಬಾರಿಪದದ ಮಾತು ಎತ್ತಲೇಬೇಕು. ಆಸ್ಟ್ರೇಲಿಯಾದ ಗ್ರಹಾಂ ಸ್ಟೇನ್ಸ್ 1965ರಲ್ಲಿ ಅಲ್ಲಿಗೆ ಬಂದವರು. ಮಯೂರ್‌ಭಂಜ್ ಕುಷ್ಠ ರೋಗಿಗಳ ಆಶ್ರಮದಲ್ಲಿ ದುಡಿದವರು. 1999ರ ಜನವರಿ 22ರ ರಾತ್ರಿ ಕಿಯೋಂಝರ್ ಜಿಲ್ಲೆಯ ಮನೋಹರಪುರ ಹಳ್ಳಿಯಲ್ಲಿ ತಮ್ಮ ಗಾಡಿಯೊಳಗೇ ಮಲಗಿದ್ದರು. ಜೊತೆಗೆ ಇಬ್ಬರು ಗಂಡು ಮಕ್ಕಳು. ಫಿಲಿಪ್‌ಗೆ 10 ವರ್ಷ, ತಿಮೋಥಿಗೆ 6. ಗುಂಪು ಬಂದು ಗಾಡಿಗೆ ಬೆಂಕಿ ಇಟ್ಟಿತು. ಮೂವರೂ ಅಲ್ಲೇ ಸುಟ್ಟು ಹೋದರು.

ದೇಶ ತಲೆ ತಗ್ಗಿಸಿತು. ರಾಷ್ಟ್ರಪತಿ ಕೆ.ಆರ್. ನಾರಾಯಣನ್ ಅವರು ಕಟುವಾಗಿ ಖಂಡಿಸಿದರು. ಎಲ್ಲರ ಕಣ್ಣೂ ಹೆಂಡತಿ ಗ್ಲಾಡಿಸ್ ಮೇಲೆ, ಉಳಿದ ಒಬ್ಬಳೇ ಮಗಳ ಮೇಲೆ. ಈಕೆ ಏನು ಹೇಳ್ತಾರೆ? ಶಪಿಸಬಹುದು, ಪೆಟ್ಟಿಗೆ ಕಟ್ಟಿ ಊರಿಗೆ ಹೋಗಬಹುದು. ಯಾರೂ ತಪ್ಪು ಅನ್ನುತ್ತಿರಲಿಲ್ಲ.

ಆಕೆ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಇನ್ನೂ ಮುಖ್ಯ, ಬಾರಿಪದದಲ್ಲೇ ಉಳಿದರು. ಗಂಡ ನೋಡಿಕೊಳ್ಳುತ್ತಿದ್ದ ರೋಗಿಗಳನ್ನು ಇನ್ನೂ ಐದು ವರ್ಷ ನೋಡಿಕೊಂಡರು. 2004ರಲ್ಲಿ ಗ್ರಹಾಂ ಹೆಸರಿನಲ್ಲಿ ಅಲ್ಲಿ ಆಸ್ಪತ್ರೆ ಶುರುವಾಯಿತು. 2005ರಲ್ಲಿ ಭಾರತ ಸರಕಾರ ಆಕೆಗೆ ಪದ್ಮಶ್ರೀ ಕೊಟ್ಟಿತು.

ಇಲ್ಲೊಂದು ತಪ್ಪು ತಿಳಿವಳಿಕೆ ಬೇಡ. ಕ್ಷಮೆ ಅಂದರೆ ಕೇಸು ವಾಪಸು ಅಲ್ಲ. ತಾನು ಮನಸ್ಸಿನಿಂದ ಕ್ಷಮಿಸಿದ್ದು ಬೇರೆ, ಕಾನೂನು ತನ್ನ ಕೆಲಸ ಮಾಡುವುದು ಬೇರೆ ಅಂತ ಆಕೆ ಬಿಡಿಸಿ ಹೇಳಿದ್ದರು. ಕಾನೂನೂ ತನ್ನ ಕೆಲಸ ಮಾಡಿತು. ಮುಖ್ಯ ಆರೋಪಿಗೆ 2003ರಲ್ಲಿ ಗಲ್ಲು ಶಿಕ್ಷೆ, 2005ರಲ್ಲಿ ಹೈಕೋರ್ಟು ಅದನ್ನು ಜೀವಾವಧಿಗೆ ಇಳಿಸಿತು, 2011ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಜೀವಾವಧಿಯನ್ನೇ ಎತ್ತಿಹಿಡಿಯಿತು. ಗ್ಲಾಡಿಸ್ ಬಿಟ್ಟುಕೊಟ್ಟದ್ದು ದ್ವೇಷವನ್ನು, ನ್ಯಾಯವನ್ನಲ್ಲ.

ಆಗ್ಸ್‌ಬರ್ಗ್‌ನಲ್ಲಿ ದೊಡ್ಡವರು ಸಹಿ ಮಾಡಿದ್ದೂ ಅದೇ 1999ರಲ್ಲಿ, ಒಂಬತ್ತು ತಿಂಗಳ ನಂತರ. ಕೃಪೆಯಿಂದ ಹೊಸ ಮನಸ್ಸು, ಹೊಸ ಮನಸ್ಸಿನಿಂದ ಒಳ್ಳೇ ಕೆಲಸ ಅಂತ ಅವರು ಕಾಗದದ ಮೇಲೆ ಬರೆದರು. ಬಾರಿಪದದ ವಿಧವೆ ಅದನ್ನು ಗಾಯಕ್ಕೆ ಪಟ್ಟಿ ಕಟ್ಟುತ್ತ ಮೊದಲೇ ಮಾಡಿ ತೋರಿಸಿದ್ದರು.

ಯಾರಿಗೆ ವಿಧೇಯತೆ?

ವಿಧೇಯತೆ ಅಂದ ಕೂಡಲೇ ಕೆಲವರಿಗೆ ಖುಷಿ. ಗುಮಾಸ್ತ ವಿಧೇಯನಾಗಿರಬೇಕು, ಸೊಸೆ ವಿಧೇಯಳಾಗಿರಬೇಕು, ಇಗರ್ಜಿಯ ಜನ ಪಾದ್ರಿಗಳಿಗೆ ಎದುರಾಡಬಾರದು. ಇದು ಬೇರೆಯವರ ಬೆನ್ನು ಬಗ್ಗಿಸುವ ವಿಧೇಯತೆ. ಹಿಟ್ಲರನ ಸೈನಿಕರೂ ವಿಧೇಯರೇ ಆಗಿದ್ದರು! ಬೋನ್‌ಹೋಫರ್ ದೇವರಿಗೆ ವಿಧೇಯರಾದದ್ದರಿಂದಲೇ ಹಿಟ್ಲರನಿಗೆ ಆಗಲಿಲ್ಲ. ಮನುಷ್ಯರಿಗಿಂತ ದೇವರ ಮಾತು ಮೇಲೆ ಅಂತ ಪೇತ್ರನೇ ಅಧಿಕಾರಿಗಳ ಎದುರು ನಿಂತು ಹೇಳಿದ್ದು ಬೈಬಲಿನಲ್ಲೇ ಉಂಟು.

ಇಗರ್ಜಿಯ ಒಳಗೂ ಈ ಪಾಠ ಕಷ್ಟಪಟ್ಟೇ ಕಲಿಯಬೇಕಾಯಿತು. ಮಕ್ಕಳ ಮೇಲೆ, ಅಸಹಾಯಕರ ಮೇಲೆ ನಡೆದ ದೌರ್ಜನ್ಯಗಳನ್ನು ‘ವಿಧೇಯರಾಗಿರಿ, ಸುಮ್ಮನಿರಿ’ ಅಂತ ಮುಚ್ಚಿಹಾಕಿದ ಪ್ರಕರಣಗಳು ಹಲವು ದೇಶಗಳಲ್ಲಿ ಹೊರಬಂದವು. ಕೊನೆಗೆ 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ನಿಯಮ ತಂದರು. ಇಂಥದ್ದು ತಿಳಿದ ಪಾದ್ರಿಗಳು, ಸನ್ಯಾಸಿನಿಯರು ಮೇಲಿನವರಿಗೆ ದೂರು ಕೊಡಲೇಬೇಕು ಅಂತ. ಅಂದರೆ ಬಾಯಿ ಬಿಡುವುದೇ ವಿಧೇಯತೆ ಆಯಿತು!

ಯೇಸು ಹೇಳಿದ ಇಬ್ಬರು ಮಕ್ಕಳ ಕಥೆ ಇಲ್ಲಿ ಸರಿಯಾಗಿ ಕೂರುತ್ತೆ. ಅಪ್ಪ ತೋಟಕ್ಕೆ ಹೋಗಿ ಕೆಲಸ ಮಾಡಿ ಅಂದ. ಒಬ್ಬ ಹೋಗೋಲ್ಲ ಅಂದ, ಆಮೇಲೆ ಮನಸ್ಸಿಗೆ ಚುಚ್ಚಿ ಹೋದ. ಇನ್ನೊಬ್ಬ ‘ಆಗಲಿ ಅಪ್ಪಾ’ ಅಂತ ಕೈ ಕಟ್ಟಿ ಹೇಳಿದ, ಹೋಗಲಿಲ್ಲ. ಅಪ್ಪನ ಮಾತು ನಡೆಸಿದವನು ಯಾರು? ಬಾಯಿಮಾತಿನ ವಿಧೇಯತೆ ಲೆಕ್ಕಕ್ಕಿಲ್ಲ, ತೋಟದಲ್ಲಿ ಗುದ್ದಲಿ ಹಿಡಿದವನೇ ಮಗ.

ಸೋಮವಾರದ ಪರೀಕ್ಷೆ

ಹಾಗಾದರೆ ಪ್ರಾಮಾಣಿಕ ಭಕ್ತಿ ಗುರುತಿಸುವುದು ಹೇಗೆ? ಬೋನ್‌ಹೋಫರ್‌ಗೆ ಬಂದ ಪರೀಕ್ಷೆ, ಗ್ಲಾಡಿಸ್‌ಗೆ ಬಂದ ಪರೀಕ್ಷೆ ನಮಗೆ ಬಾರದಿರಲಿ. ನಮ್ಮ ಪರೀಕ್ಷೆಗಳು ಸಣ್ಣವು, ದಿನಾ ಬರುವಂಥವು.

ಒಂದು, ಪಾಪನಿವೇದನೆ. ಅಲ್ಲಿ ಒಪ್ಪಿಕೊಂಡರೆ ಎಲ್ಲ ಚುಕ್ತಾ ಅಂತ ನಗುವವರು ಕೇಳಿ. ಕೆಥೊಲಿಕ್ ಧರ್ಮಬೋಧನೆಯ ಪ್ರಕಾರ ಕದ್ದದ್ದನ್ನು ವಾಪಸು ಕೊಡಬೇಕು, ಒಬ್ಬರ ಹೆಸರು ಕೆಡಿಸಿದ್ದರೆ ಸರಿ ಮಾಡಬೇಕು. ಕ್ಷಮೆ ಸಿಕ್ಕಿತು ಅಂತ ಕದ್ದ ಮಾಲು ನಿಮ್ಮದಾಗೋಲ್ಲ.

ಎರಡು, ಪೂಜೆಯಲ್ಲಿ ಪರಮಪ್ರಸಾದಕ್ಕೆ ಮೊದಲು ಅಕ್ಕಪಕ್ಕದವರಿಗೆ ಕೈಮುಗಿದು ಶಾಂತಿ ಕೋರುವ ಕ್ರಮ ಉಂಟು. ಎಷ್ಟು ಚಂದದ ಪದ್ಧತಿ! ಆದರೆ ಪಾಲಿನ ವಿಷಯಕ್ಕೆ ಮಾತು ಬಿಟ್ಟ ಅಣ್ಣ ಎಡಗಡೆ ಬೆಂಚಿನಲ್ಲಿ, ತಮ್ಮ ಬಲಗಡೆ ಬೆಂಚಿನಲ್ಲಿ ಕೂತರೆ? ಗುರುತಿಲ್ಲದವನಿಗೆ ಕೈಮುಗಿದು ಒಡಹುಟ್ಟಿದವನಿಗೆ ಬೆನ್ನು ಹಾಕಿದರೆ? ಕಾಣಿಕೆಯನ್ನು ಅಲ್ಲೇ ಬಿಟ್ಟು ಹೋಗಿ ಮೊದಲು ಸಹೋದರನ ಜೊತೆ ರಾಜಿ ಮಾಡಿಕೊಂಡು ಬಾ ಅಂತ ಯೇಸು ಹೇಳಿದ್ದಾನೆ. ಇದನ್ನು ಅಕ್ಷರಶಃ ಪಾಲಿಸಿದರೆ ಮುಂದಿನ ಭಾನುವಾರ ಅರ್ಧ ಬೆಂಚು ಖಾಲಿ ಇರಬಹುದು. ಆ ಖಾಲಿ ಬೆಂಚೂ ಒಂದು ಭಕ್ತಿಯೇ.

ಮೂರು, ಮದುವೆ. ರೋಸ್, ಬ್ಯಾಂಡು, ಊಟ ಅಂತ ಸಾಲ ಮಾಡಿ ಮೆರೆಯುವುದು. ಹೆಣ್ಣಿನ ಕಡೆಯವರಿಂದ ‘ನೀವಾಗಿ ಕೊಟ್ಟರೆ ಬೇಡ ಅನ್ನೋಲ್ಲ’ ಅನ್ನುವ ನಯದ ಮಾತು. ವರದಕ್ಷಿಣೆ ನಿಷೇಧ ಕಾನೂನು ಬಂದದ್ದು 1961ರಲ್ಲಿ. ಪುಕ್ಕಟೆ ಕೃಪೆಯ ದೇವರ ಮುಂದೆ ಹುಡುಗನಿಗೆ ರೇಟು ಕಟ್ಟುವುದು ಯಾವ ಸೀಮೆಯ ಭಕ್ತಿ?

ನಾಲ್ಕು, ಸಂಬಳ. ಮನೆ ಕೆಲಸದಾಕೆಗೆ, ಅಂಗಡಿ ಹುಡುಗನಿಗೆ, ತೋಟದ ಆಳಿಗೆ. ಕೂಲಿ ಹಿಡಿದಿಟ್ಟರೆ ಆ ಕೂಲಿಯೇ ದೇವರಿಗೆ ಕೂಗಿ ಹೇಳುತ್ತೆ ಅಂತ ಯಾಕೋಬನ ಪತ್ರಿಕೆಯಲ್ಲಿ ಎಚ್ಚರಿಕೆ ಉಂಟು. ಕ್ರಿಯೆ ಇಲ್ಲದ ನಂಬಿಕೆ ಹೆಣ ಇದ್ದ ಹಾಗೆ ಅಂದವನೂ ಇದೇ ಯಾಕೋಬ.

ಕನ್ನಡ ನಾಡಿಗೆ ಇದೇನು ಹೊಸ ಪಾಠ ಅಲ್ಲ. ಕಾಯಕ, ದಾಸೋಹ ಅಂತ 12ನೇ ಶತಮಾನದಲ್ಲೇ ಶರಣರು ಹೇಳಿದ್ದಾರೆ. ದುಡಿಮೆಯಲ್ಲಿ ಕಾಣದ ಭಕ್ತಿಯನ್ನು ಅವರು ಒಪ್ಪಲಿಲ್ಲ. ದಾರಿ ಬೇರೆ ಇರಬಹುದು. ಕಳ್ಳ ಭಕ್ತಿ ಹಿಡಿಯುವ ಚೆಕ್‌ಪೋಸ್ಟು ಮಾತ್ರ ಎಲ್ಲ ದಾರಿಯಲ್ಲೂ ಒಂದೇ.

ಆದರೆ ಇಲ್ಲಿಗೆ ನಿಲ್ಲಿಸಿದರೆ ಮತ್ತೆ ತಪ್ಪಾಗುತ್ತೆ. ಈ ನಾಲ್ಕು ಪರೀಕ್ಷೆ ಪಾಸಾದವನಿಗೆ ಮಾತ್ರ ಇಗರ್ಜಿ ಬಾಗಿಲು ಅಂತ ಅಲ್ಲ. ಹಾಗಾದರೆ ಬಾಗಿಲಿಗೆ ಬೀಗವೇ ಗತಿ! ಫೇಲಾದವನಿಗೂ ಬಾಗಿಲು ತೆರೆದಿದೆ ಅನ್ನೋದೇ ಕೃಪೆ. ಮರದ ಮೇಲಿದ್ದ ಜಕ್ಕಾಯನನ್ನು ಕರೆದದ್ದು ಅವನು ಕಳ್ಳನಾಗಿದ್ದಾಗಲೇ. ಒಳಗೆ ಬಂದವನು ಹಳೇ ಗಲ್ಲಾಪೆಟ್ಟಿಗೆಯನ್ನೇ ತಬ್ಬಿಕೊಂಡು ಕೂತರೆ, ಬಂದದ್ದು ಬರೀ ನೆರಳಿಗೆ ಅಂತ ಊರು ತಿಳೀತದೆ.

ಮತ್ತೆ ಶನಿವಾರ ಬರುತ್ತೆ, ಬಟವಾಡೆ ದಿನ. ಯಾರದ್ದಾದರೂ ಕೂಲಿ ಬಾಕಿ ಇದ್ದರೆ ಸಂಜೆಯೊಳಗೆ ಕೊಟ್ಟುಬಿಡಿ. ಅಣ್ಣನಿಗೋ ತಮ್ಮನಿಗೋ ಫೋನು ಮಾಡದೆ ವರ್ಷ ಕಳೆದಿದ್ದರೆ ಒಂದು ಫೋನು ಮಾಡಿ. ಆಮೇಲೆ ಭಾನುವಾರದ ಪೂಜೆಗೆ ಆರಾಮವಾಗಿ ಹೋಗಬಹುದು.